ವಿಪರೀತ ಚೆನ್ನಾಗಿದ್ದ ಎರಡನೇ ವೈನು

ಫೆಬ್ರವರಿ 13, ಗುರುವಾರ, ಬೆಳಿಗ್ಗೆ 9.40. ವೈನು ತಯಾರಿಸುವ ವೆರ್ಮನಾಕ್ ಶಾತೋದ, ಅಂದರೆ ಬಂಗಲೆ-ತೋಟದ, ನೆಲಮಾಳಿಗೆ ಮೇಸ್ತ್ರಿ ಗಾತಿಯೆನ್ ಬೊರ್ದ್, ಫ್ರಾನ್ಸಿನ ಮೆದೋಕ್ ಸೀಮೆಯ ಠಾಣೆಗೆ ಬಂದು ದೂರು ಕೊಟ್ಟ.

“ನಮ್ಮ ಎರಡನೇ ವೈನು ವಿಪರೀತ ಚೆನ್ನಾಗಿದೆ, ಮೇಡಂ.”

ಇನ್‌ಸ್ಪೆಕ್ಟರ್ ಮಾರಿಲಿಸ್ ಕಾಸ್ತೆರಾ ಪೆನ್ನು ಕೆಳಗಿಟ್ಟಳು. “ಇದಕ್ಕೂ ಎಫ್‌ಐಆರ್ ಬೇಕಾ?”

ಬೇಕಿತ್ತು. ಮುನ್ನೂರು ವರ್ಷದ ಆ ತೋಟದಲ್ಲಿ ಅತ್ಯುತ್ತಮ ಪೀಪಾಯಿಗಳು ಶಾತೋದ ಹೆಸರು ಹೊತ್ತ ಮೊದಲನೇ ವೈನಿಗೆ, ಉಳಿದವು ಎರಡನೆಯದಕ್ಕೆ. ಹದಿನಾಲ್ಕನೇ ತಾಕಿನ ದ್ರಾಕ್ಷಿ ಯಾವಾಗಲೂ ಎರಡನೆಯದಕ್ಕೇ ಹೋಗುತ್ತಿತ್ತು. ಈ ಸಲ ಮೊದಲ ಬಾರಿಗೆ ಅದರ ಹನ್ನೆರಡು ಪೀಪಾಯಿಗಳಿಗೆ ‘1’ ಎಂಬ ಚೀಟಿ ಕಟ್ಟಿದ್ದರು. ಮಂಗಳವಾರ ಯಾರೋ ಅದನ್ನು ಪಕ್ಕದ ಪೀಪಾಯಿಗಳ ‘2’ರ ಜೊತೆ ಅದಲುಬದಲು ಮಾಡಿದ್ದರು. ಬುಧವಾರ ಆಳುಗಳು ಚೀಟಿ ನೋಡಿ ಆ ಹನ್ನೆರಡನ್ನೂ ಎರಡನೇ ವೈನಿನ ತೊಟ್ಟಿಗೆ ಸುರಿದರು. ಬೆರೆತ ವೈನನ್ನು ಬೇರೆ ಮಾಡುವುದು ದೇವರಿಂದಲೂ ಆಗದ ಕೆಲಸ.

11.15ಕ್ಕೆ ಪಂಚನಾಮೆ. ಬೀಗ ಮುರಿದಿರಲಿಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಬೀಗ ಹಾಕುವ ಪದ್ಧತಿಯೇ ಇಲ್ಲ. ಕಾನ್‌ಸ್ಟೇಬಲ್ ತಿಬೋ ಲಾಬಾ ಚೀಟಿಯ ದಾರ ತಿರುಗಿಸಿ ನೋಡಿದ.

“ಇದು ನೆಲಮಾಳಿಗೆಯವ್ರ ಗಂಟಲ್ಲ ಮೇಡಂ. ಹೊಸೆದು ತುದಿ ಒಳಗೆ ಸಿಕ್ಕಿಸಿದಾರೆ. ಬಳ್ಳಿ ಕಟ್ಟೋ ಹೆಂಗಸರು ವಿಲೋ ಗಿಡದ ಎಳೆ ಕಡ್ಡಿ ಸುತ್ತೋದು ಹೀಗೆ. ನಮ್ಮಮ್ಮನ ಕೈ ನೋಡಿ ಬೆಳೆದವ್ನು ನಾನು.”

ಬಳ್ಳಿ ಕಟ್ಟುವ ಹೆಂಗಸರಲ್ಲಿ ಒಂದೊಂದು ತಾಕಿನ ಆರೈಕೆ ಒಬ್ಬೊಬ್ಬರ ಪಾಲಿಗೆ, ನಿವೃತ್ತಿಯ ತನಕ. ಹದಿನಾಲ್ಕನೆಯದು ಹುಗೆಟ್ ದ್ಯುಬೋಸ್ಕಳದು, ಮೂವತ್ತೊಂದು ವರ್ಷದಿಂದ. ತಿಂಗಳ ಕೊನೆಗೆ ಅವಳ ನಿವೃತ್ತಿ. ಮಾರಿಲಿಸ್‌ಗೆ ತಲೆಬುಡ ತಿಳಿಯಲಿಲ್ಲ. ಮೇಲಿನ ತರಗತಿಗೆ ಪಾಸಾದ ಮಗುವನ್ನು ಹೆತ್ತವಳೇ ಕೆಳಗೆ ಕೂರಿಸುತ್ತಾಳೆಯೇ?

2.30ಕ್ಕೆ ಹುಗೆಟ್ ಸಾಲಿನ ನಡುವೆ ಬಳ್ಳಿ ಕಟ್ಟುತ್ತಿದ್ದಳು. ಪೊಲೀಸರನ್ನು ಕಂಡರೂ ಕೈ ನಿಲ್ಲಲಿಲ್ಲ. ಆ ಕೈಗಳ ಓಟ ನೋಡಿ ಮಾರಿಲಿಸ್ ಒಂದು ಕ್ಷಣ ಬಂದ ಕೆಲಸವನ್ನೇ ಮರೆತಳು.

“ಮಂಗಳವಾರ ನೆಲಮಾಳಿಗೆಗೆ ಯಾಕೆ ಹೋಗಿದ್ರಿ?”

“ಚೀಟಿ ಬದ್ಲಾಯ್ಸೋಕೆ.”

“ಗಂಟು ನೋಡಿ ಹಿಡಿದ್ವಿ.”

“ಈ ಕೈಗೆ ಬೇರೆ ಗಂಟು ಬರಲ್ವಲ್ಲಮ್ಮ.”

“ಮೊದಲನೇದಕ್ಕೆ ಹೋಗಿದ್ರೆ ನಿಮಗೇ ಗೌರವ ಅಲ್ವಾ?”

“ಗೌರವ ಕುಡಿಯೋಕಾಗುತ್ತಾ? ಮೊದಲನೇದನ್ನ ಇಪ್ಪತ್ತು ವರ್ಷ ಕತ್ತಲಲ್ಲಿಡ್ತಾರೆ. ಆಮೇಲೆ ಒಬ್ಬ ಸಾಹುಕಾರ ಇನ್ನೊಬ್ಬನಿಗೆ ಮಾರ್ತಾನೆ, ಬಿರಡೆ ತೆಗೆಯೋರಿಲ್ಲ. ಎರಡನೇದು ಮೂರು ವರ್ಷಕ್ಕೆ ಊಟದ ಮೇಜಿಗೆ ಬರುತ್ತೆ. ನಮ್ಮೋರಿಗೆ ಶಾತೋದವ್ರು ಹಂಚೋದೂ ಅದನ್ನೇ. ಇದು ನನ್ನ ಕೊನೇ ಬೆಳೆ. ಇಂಥಾದ್ದು ನಾನು ಕಂಡಿರಲಿಲ್ಲ. ರುಚಿ ನೋಡದೆ ಸಾಯ್ಲಾ?”

“ವಜಾ ಮಾಡಿದ್ರೆ ಆ ಪಾಲೂ ಸಿಗಲ್ಲ, ಗೊತ್ತಾ?”

ಹುಗೆಟ್‌ಳ ಕೈ ಆಗ ನಿಂತಿತು. ಅದು ಅವಳಿಗೆ ಹೊಳೆದಿರಲಿಲ್ಲ.

“ಹೋಗ್ಲಿ,” ಎಂದಳು ಕೊನೆಗೆ. “ಊರವ್ರು ಕುಡೀತಾರಲ್ಲ.”

ಬಂಧನ 4.05ಕ್ಕೆ. ಕಾರಣದ ಜಾಗದಲ್ಲಿ ಮಾರಿಲಿಸ್ ಬರೆದಳು: ‘ತಾನು ಬೆಳೆದದ್ದನ್ನು ತನ್ನವರ ಜೊತೆ ಕುಡಿಯುವ ಆಸೆ.’ ಸಾಕ್ಷಿ ರುಜು ಹಾಕಿದ ಗಾತಿಯೆನ್ ಹೊರಡದೆ ನಿಂತೇ ಇದ್ದ. ಆಮೇಲೆ, ಕೇಳಿಯೂ ಕೇಳಿಸದ ಹಾಗೆ ಹೇಳಿದ.

“ಹುಗೆಟ್, ನನ್ನ ಪಾಲಿಗೂ ಬರೋದು ಎರಡನೇದೇ. ಮೂರು ವರ್ಷ ಆದ್ಮೇಲೆ ಊಟಕ್ಕೆ ಬಾ.”