ತೆಗೆಯಬೇಕು

"ಬಾಗಿಲು ತೆಗೀರಿ ಮೇಡಂ! ಮಕ್ಕಳು ಬಂದಿದ್ದಾರೆ!"

ಶಾಲೆಯ ಗ್ರಂಥಾಲಯದ ಒಳಗೆ ಚಿಲಕ ಹಾಕಿಕೊಂಡು ಕೂತಿದ್ದ ಗ್ರಂಥಪಾಲಕಿ ತಟ್ಟನೆ ತಲೆ ಎತ್ತಿದಳು. ಕಿಟಕಿಯ ಗಾಜಿನಾಚೆ ಮೂರನೇ ತರಗತಿಯ ಹೊಸ ಮೇಷ್ಟ್ರು, ಬೆನ್ನಿಗೆ ಮೂವತ್ತು ಮಕ್ಕಳು!

"ಪುಸ್ತಕ ಹರಿಯುತ್ತೆ, ಯಾರನ್ನೂ ಬಿಡಬೇಡ ಅಂದಿದ್ದಾರೆ ಹೆಡ್‌ಮಿಸ್..."

"ಮತ್ತೆ ಪುಸ್ತಕಾನ ಕಾವಿಗೆ ಕೂರಿಸಿದ್ದೀರಾ? ಮರಿ ಆದಾಗ ಹೇಳಿ!"

ಮಕ್ಕಳು ಗೊಳ್ಳೆಂದರು. ಅವಳ ಕಣ್ಣು ತುಂಬಿತು. ಇಲ್ಲಿ ಈ ಚಿಲಕ. ಮನೆಯಲ್ಲಿ ಅಣ್ಣನ ಮಾತು: "ಆ ಕೆಲಸ ಹೋದ ದಿನವೇ ನಿನ್ನ ಮದುವೆ. ನಾನು ತೋರಿಸಿದವನ ಜೊತೆ!" ಉಸಿರಾಡಲು ಅವಳಿಗಿದ್ದದ್ದು ಇದೊಂದೇ ಕೋಣೆ. ಅದಕ್ಕೂ ಬಾಗಿಲು ಮುಚ್ಚಿತ್ತು.

ಮರುದಿನ ಊಟದ ಬಿಡುವಿನಲ್ಲಿ ಏನನ್ನಿಸಿತೋ, ಚಿತ್ರದ ಪುಸ್ತಕವೊಂದನ್ನು ಬಿಡಿಸಿ ಗಾಜಿಗೆ ಒತ್ತಿ ಹಿಡಿದಳು. ಹೊರಗೆ ನಿಂತು ಅವನು ಮಕ್ಕಳಿಗೆ ಓದಿ ಹೇಳಿದ. ದಿನಕ್ಕೆ ನಾಲ್ಕು ಪುಟ. ಗಾಜಿನ ಈಚೆ ಅವಳ ಬೆರಳು, ಆಚೆ ಅವನ ದನಿ... ಹನ್ನೆರಡನೇ ಪುಟದಲ್ಲಿ ಮರಿಯಾನೆ ಗುಂಡಿಗೆ ಬಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಂದು ಸಂಜೆ ಹೆಡ್‌ಮಿಸ್ ಅವಳ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಮೇಷ್ಟ್ರ ಅಕ್ಷರ. 'ಮಕ್ಕಳ ಹಿತಕ್ಕಾಗಿ ಗ್ರಂಥಾಲಯವನ್ನು ಕೂಡಲೇ ತೆಗೆಯಬೇಕು.'

"ಸರಿಯಾಗೇ ಬರೆದಿದ್ದಾನೆ. ಸೋಮವಾರದಿಂದ ಇಲ್ಲಿ ಮುರಿದ ಬೆಂಚು ತುಂಬಿಸೋಣ. ನಿನಗೆ ಕೊಡೋಕೆ ಬೇರೆ ಕೆಲಸ ಇಲ್ಲಮ್ಮ."

'ಅಷ್ಟೊಂದು ನಗ್ತಾ ನಿಂತಿದ್ದು... ನನ್ನ ಬುಡಕ್ಕೇ ಕೊಡಲಿ ಹಾಕೋಕಾ!'

ಮರುದಿನ ಅವಳು ಕಿಟಕಿಗೆ ಪರದೆ ಎಳೆದಳು. ಗಾಜಿನ ಮೇಲೆ ಟಕ್ ಟಕ್.

"ಏನಾಯ್ತು ಮೇಡಂ?"

"ತೆಗೆಯಬೇಕು ಅಂತ ನೀವೇ ಬರೆದಿದ್ದೀರಲ್ಲ! ತೆಗೀತಿದ್ದಾರೆ. ನನ್ನನ್ನೂ ಸೇರಿಸಿ!"

"ಅಯ್ಯೋ! ಬಾಗಿಲು ತೆಗೀರಿ ಅಂತ ಕಣ್ರೀ ನಾನು ಬರೆದಿದ್ದು! ಕಿತ್ತು ಹಾಕಿ ಅಂತಲ್ಲ!"

ಅಳು ಬರಬೇಕಾದ ಕಡೆ ಅವಳಿಗೆ ನಗು ಬಂತು. ಆಚೆಯಿಂದ ಎರಡು ಜಡೆಯ ಪುಟ್ಟಿಯ ದನಿ: "ಮಿಸ್... ಮರಿಯಾನೆ ಮೇಲೆ ಬಂತಾ?"

ಅವಳು ಎದ್ದಳು.  ಚಿಲಕ ಸರಿಸಿದಳು.

ಹೆಡ್‌ಮಿಸ್ ದಾಪುಗಾಲು ಹಾಕುತ್ತ ಬಂದಾಗ ಮೂವತ್ತು ತಲೆಗಳು ಪುಸ್ತಕಗಳ ಮೇಲೆ ಬಾಗಿದ್ದವು. ಒಂದು ಪುಟವೂ ಹರಿದಿರಲಿಲ್ಲ.

"ಬಾಗಿಲು ತೆಗೆದಿದ್ದು ಯಾರು?"

"ನಾನು. ಹರಿದರೆ ನಾನೇ ಅಂಟಿಸ್ತೀನಿ ಮೇಡಂ. ಮುಚ್ಚಲ್ಲ."

ಮೇಷ್ಟ್ರು ಮೇಜಿನ ಮೇಲಿದ್ದ ಕಾಗದದಲ್ಲಿ 'ತೆಗೆಯಬೇಕು' ಎಂಬುದನ್ನು ಹೊಡೆದುಹಾಕಿ, 'ತೆರೆದಿಡಬೇಕು' ಎಂದು ದಪ್ಪಗೆ ಬರೆದ. ಹೆಡ್‌ಮಿಸ್ ಮಕ್ಕಳನ್ನು ನೋಡಿದರು, ಕಾಗದ ನೋಡಿದರು.

"ನೆಟ್ಟಗೆ ಕನ್ನಡ ಬರೆಯೋದು ಕಲಿ ಮೊದಲು!" ಎಂದು ಗೊಣಗಿ ಸಹಿ ಹಾಕಿ ನಡೆದರು.

ಅವನ ದನಿ ತಗ್ಗಿತು. "ನೀವು ನನ್ನ ಮನಸ್ಸಲ್ಲಿ ಕೂತುಬಿಟ್ಟಿದ್ದೀರಿ... ನಿಮ್ಮನೇಲಿ ಈ ಮಾತು ತೆಗೀಲಾ?"

ಅವಳು ತಲೆ ತಗ್ಗಿಸಿ ನಕ್ಕಳು.

"ತೆಗೀರಿ... ಆದ್ರೆ ದಯವಿಟ್ಟು, ಬರೆದು ಮಾತ್ರ ಕೊಡಬೇಡಿ!"