ಮೂಗಿನ ಮೇಲಿನ ಬೆರಳು

“ಅಲ್ಲಿಗೆ ಹೋದ ತಕ್ಷಣ ಮೊದಲು ನಿನ್ನನ್ನೇ ಮರೀತೀನಿ,” ಎಂದವು ಹುಡುಗನ ತುಟಿಗಳು. ನಗುತ್ತಾ.

ಅವನಿದ್ದದ್ದು ರಸ್ತೆಯ ಆಚೆ, ಬೋರ್ಡ್ ಬರೆಯುವ ಅಂಗಡಿಯ ಗಾಜಿನ ಹಿಂದೆ. ಅವಳಿದ್ದದ್ದು ಈಚೆ, ಚಿಕ್ಕಮ್ಮನ ಟೈಲರಿಂಗ್ ಅಂಗಡಿಯ ಕಿಟಕಿಯಲ್ಲಿ. ಚಿಕ್ಕಂದಿನ ಜ್ವರವೊಂದು ಹೋಗುವಾಗ ಅವಳ ಕಿವಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಅಂದಿನಿಂದ ಅವಳು ಮಾತನ್ನು ಕಣ್ಣಿಂದಲೇ ಕೇಳುತ್ತಿದ್ದಳು.

ಈಗ ಕೇಳಿದ್ದು ಸಾಕೆನಿಸಿತು. ಒಂದೇ ಎಳೆತಕ್ಕೆ ಪರದೆ ಮುಚ್ಚಿದಳು.

ಹುಡುಗನಿಗೂ ಅವಳಷ್ಟೇ ವಯಸ್ಸು, ಹದಿನೇಳು. ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ, ವೀಲ್‌ಚೇರಿನಲ್ಲೇ ಓಡಾಟ. ದೊಡ್ಡ ಬೋರ್ಡುಗಳಲ್ಲಿ ಏಣಿ ಹತ್ತಿ ಬರೆಯಬೇಕಾದ ಮೇಲಿನ ಸಾಲು ಅವನ ಸೋದರಮಾವನದು, ಕೂತಲ್ಲಿಗೆ ಎಟಕುವ ಕೆಳಗಿನ ಸಾಲು ಅವನದು. ಪೇಟೆಯ ಯಾವ ಬೋರ್ಡ್ ನೋಡಿದರೂ ಕೆಳಗಿನ ಸಾಲೇ ಚೆಂದ. ಅದಕ್ಕೇ ಅವಳು ಅವನಿಗೆ ‘ಕೆಳಸಾಲು’ ಎಂದು ಹೆಸರಿಟ್ಟಿದ್ದಳು.

ಬರೆಯುವಾಗ ಗೊಣಗಿಕೊಳ್ಳುವುದು ಅವನ ಅಭ್ಯಾಸ. ಒಮ್ಮೆ ಹಾಗೇ ಗೊಣಗಿದ್ದ: “ಎದುರು ಅಂಗಡಿ ಹುಡುಗಿ ನನ್ನೇ ನೋಡ್ತಿದ್ದಾಳೆ. ಮೂತಿಗೇನಾದ್ರೂ ಬಣ್ಣ ಮೆತ್ಕೊಂಡಿದ್ಯಾ?”

ಈಚೆಯಿಂದ ಅವಳು ಹೌದೆಂದು ತಲೆಯಾಡಿಸಿ, ತನ್ನ ಎಡಗೆನ್ನೆ ತೋರಿಸಿದಳು. ಅವನ ಕೈಯಿಂದ ಕುಂಚ ಜಾರಿತು. ಅಂದಿನಿಂದ ಅವಳು ಅವನಿಗೆ ಮಾತು ಕದಿಯುವ ‘ಕಳ್ಳಿ’.

ವೀಲ್‌ಚೇರಿಗೆ ಸಿಕ್ಕಿಸಿಟ್ಟ ಪುಟ್ಟ ಕನ್ನಡಿಯಲ್ಲಿ ಅವನು ಬಿಸಿಲು ಹಿಡಿದು ಅವಳು ಹೊಲಿಯುವ ಬಟ್ಟೆಯ ಮೇಲೆ ಕುಣಿಸಿದರೆ, ‘ಇತ್ತ ನೋಡು’ ಎಂದರ್ಥ. ಅವನು ತುಟಿಯಲ್ಲಿ ಹೇಳುತ್ತಿದ್ದ, ಅವಳು ಕೈಯಲ್ಲಿ ಉತ್ತರ ಕೊಡುತ್ತಿದ್ದಳು. ಪಕ್ಕದಲ್ಲೇ ಇದ್ದ ಮಾವನಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ.

ಅವನಿಗೆ ದೂರದ ಊರಿನ ಚಿತ್ರಕಲಾ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ನಾಳೆ ಹೊರಡುವವನಿದ್ದ. ಹೊರಡುವ ಮುನ್ನ ಹೇಳುವ ಮಾತೇ ಇದು?

ಮುಚ್ಚಿದ ಪರದೆಯ ಮೇಲೆ ಬಿಸಿಲಿನ ಚುಕ್ಕೆ ಹಾರತೊಡಗಿತು. ಅವಳು ಮುಖ ತಿರುಗಿಸಿದಳು.

ಚಿಕ್ಕಮ್ಮ ಎದುರಿಗೆ ಬಂದು ನಿಂತು ಕೇಳಿದಳು. “ಆ ಬಿಸಿಲಿನ ಮೇಲೆ ನಿಂಗೇನೇ ಅಷ್ಟು ಕೋಪ?”

“ನನ್ನನ್ನ ಮರೀತಾನಂತೆ. ಹಲ್ಲು ಕಿರಿದುಕೊಂಡು ಹೇಳಿದ.”

“ಹಲ್ಲು ಕಿರಿದುಕೊಂಡಾ? ಗಾಯಕ್ಕೆ ಉಪ್ಪು ಸವರೋ ಮುಖ ಅಲ್ವಲ್ಲೇ ಅವನದು. ಇರಲಿ, ಈ ಕುಪ್ಪಸ ನಿನ್ನ ಮೇಲೆ ಹಿಡಿದು ನೋಡ್ತೀನಿ, ನೆಟ್ಟಗೆ ನಿಲ್ಲು.”

ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಚಿಕ್ಕಮ್ಮ ಮತ್ತೇನೋ ಅಂದಳು. ಹುಡುಗಿ ತಿರುಗಿ ನಿಂತಳು. ಭುಜದ ಮೇಲೆ ತಟ್ಟಿದ್ದಕ್ಕೆ ಹಿಂತಿರುಗಿದರೆ, ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ.

“ಅಳತೆ ಬರ್ಕೊಳ್ಳೋಕೆ ಪೆನ್ನು ಕೊಡು ಅಂದ್ರೆ, ಬೆನ್ನು ಕೊಡ್ತೀಯಲ್ಲೇ!”

ಹುಡುಗಿ ನಗಲಿಲ್ಲ. ಪೆನ್ನು, ಬೆನ್ನು. ಕನ್ನಡಿಯ ಮುಂದೆ ಓಡಿದಳು. ಪ, ಬ, ಮ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯಿತು. ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟಿದ್ದರು: ಇವು ತ್ರಿವಳಿ ಮಕ್ಕಳು, ಮುಖ ನೋಡಿ ಗುರುತು ಹಿಡಿಯೋಕಾಗಲ್ಲ, ಮೂಗು ಮುಟ್ಟಿ ನೋಡು, ಗುಂಯ್ ಅಂದರೆ ಮ.

ಗೊತ್ತಿದ್ದ ಪಾಠವೇ. ಆದರೆ ಸೀಟಿನ ಸುದ್ದಿ ಬಂದಾಗಿನಿಂದ ಅವಳ ಮನಸ್ಸು ಒಂದೇ ಒಂದಕ್ಕೆ ಹೆದರಿ ಕೂತಿತ್ತು. ಹೆದರಿದವರಿಗೆ ಹಗ್ಗವೂ ಹಾವೇ.

‘ಮರೀತೀನಿ’ ಎಂದನೋ, ‘ಬರೀತೀನಿ’ ಎಂದನೋ?

ಇನ್ನು ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ರಸ್ತೆ ದಾಟಿದಳು. ಮಾವ ಹೊರಗೆ ಏಣಿಯ ಮೇಲಿದ್ದ. ಒಳಗೆ ಟರ್ಪೆಂಟೈನಿನ ವಾಸನೆ. ಹುಡುಗ ಕನ್ನಡಿ ಕೈಯಲ್ಲಿ ಹಿಡಿದು ಪೆಚ್ಚಾಗಿ ಕೂತಿದ್ದ.

“ಪರದೆ ಯಾಕೆ ಎಳೆದೆ?”

“ಆಗ ಹೇಳಿದ್ದು ಇನ್ನೊಂದ್ಸಲ ಹೇಳು. ಕೊನೇ ಮಾತು ಮಾತ್ರ. ನಿಧಾನಕ್ಕೆ.”

ಅವಳು ಬಗ್ಗಿ ಅವನ ಮೂಗಿನ ಮೇಲೆ ಬೆರಳಿಟ್ಟಳು. ಬೆರಳನ್ನೇ ನೋಡಲು ಹೋಗಿ ಅವನ ಕಣ್ಣು ಮೆಳ್ಳೆಯಾದವು. ಕಿವಿ ಕೆಂಪಾದವು.

“ಬ...ರೀತೀನಿ.”

ಮೂಗು ಸುಮ್ಮನಿತ್ತು. ಕೊನೆಯ ‘ನಿ’ ಬಂದಾಗ ಮಾತ್ರ ಬೆರಳ ತುದಿಯಲ್ಲಿ ಸಣ್ಣದೊಂದು ದುಂಬಿ ಹಾದುಹೋಯಿತು.

“ಇನ್ನೊಂದ್ಸಲ,” ಎಂದಳು. ಅರ್ಥವಾಗಿಲ್ಲವೆಂದಲ್ಲ.

“ಬರೀತೀನಿ. ಚಿತ್ರ. ಅಷ್ಟಕ್ಕೆಲ್ಲ ಕೋಪ ಮಾಡ್ಕೋತಾರಾ? ನೀನೇನಂತ ತಿಳ್ಕೊಂಡೆ?”

ನೀಲಿ ಬಣ್ಣ ಅಂಟಿದ ಅವನ ಬೆರಳನ್ನು ತನ್ನ ಮೂಗಿನ ಮೇಲಿಟ್ಟುಕೊಂಡು ಹೇಳಿದಳು. “ಮರೀತೀನಿ.”

ಮೊದಲ ಅಕ್ಷರದಲ್ಲೇ ಗುಂಯ್ ಎಂದಿತು. ಅವನ ಮುಖ ಇಳಿಯಿತು.

“ನಿನ್ನನ್ನಾ? ಅದನ್ನ ಕಲಿಸೋ ಶಾಲೆ ಎಲ್ಲೂ ಇಲ್ಲ ಕಳ್ಳಿ.”

“ಮತ್ತೆ ಮೊದಲು ನನ್ನನ್ನೇ ಯಾಕೆ ಬರೀಬೇಕು?”

“ಮೊದಲನೇ ದಿನ, ನಿಮಗೆ ತುಂಬಾ ಇಷ್ಟ ಆಗಿರೋದನ್ನ ಬರೀರಿ ಅಂತಾರಂತೆ.” ಹೇಳಿ ತಲೆ ತಗ್ಗಿಸಿದ. ತಗ್ಗಿಸಿದರೆ ಅವಳಿಗೆ ತುಟಿ ಕಾಣದೆಂದು ನೆನಪಾಗಿ, ಮತ್ತೆ ಮುಖವೆತ್ತಿ ಹೇಳಿದ. “ತುಂಬಾ ಇಷ್ಟ.”

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. “ಪೂರ್ತಿ ಬರೀತೀಯಾ, ಬರೀ ಕೆಳಸಾಲಾ?”

“ಅಲ್ಲಿ ಕೂತಲ್ಲಿಗೆ ಇಳಿಸೋ ಸ್ಟ್ಯಾಂಡ್ ಇದೆಯಂತೆ. ಮೇಲಿಂದಲೇ ಶುರು ಮಾಡ್ತೀನಿ. ಕಣ್ಣಿಂದ.”

ಏಣಿಯಿಂದ ಮಾವ ಒಳಗೆ ಬಗ್ಗಿದ. “ಏನ್ರೋ, ಮೂಗು ಮುಟ್ಟಿಕೊಂಡು? ನೆಗಡಿನಾ?”

ಅವಳು ಮಾವನ ತುಟಿಯನ್ನೂ ಓದಿದಳು. “ಅಕ್ಷರ ಕಲೀತಿದ್ದೀವಿ ಮಾವ!”

ಮರುದಿನ ಬೆಳಿಗ್ಗೆ ವ್ಯಾನು ಹೊರಟಿತು. ಗಾಜು ಮೇಲೇರಿತ್ತು. ಒಳಗಿಂದ ಅವನೇನೋ ಹೇಳಿದ. ತುಟಿ ಮುಚ್ಚಿ ತೆರೆಯಿತು. ಬರೆಯಲ್ಲ? ಮರೆಯಲ್ಲ?

ಅವಳ ಹುಬ್ಬು ಗಂಟಾಗುವ ಮೊದಲೇ ಅವನು ತೋರುಬೆರಳನ್ನು ಮೂಗಿನ ಮೇಲಿಟ್ಟುಕೊಂಡು ಅದನ್ನೇ ಇನ್ನೊಮ್ಮೆ ಹೇಳಿದ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಬೆರಳು ತೆಗೆಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಅವಳನ್ನು ತನ್ನತ್ತ ತಿರುಗಿಸಿಕೊಂಡಳು. “ಮೂಗಿನ ಮೇಲೆ ಬೆರಳಿಡೋವಷ್ಟು ಆಶ್ಚರ್ಯ ಏನೇ ಆ ಹುಡುಗನಿಗೆ?”

“ಆಶ್ಚರ್ಯ ಅಲ್ಲ ಚಿಕ್ಕಮ್ಮಾ,” ಎಂದಳು ಅವಳು. “ಅದು ‘ಮ’.”