ಬೇರಿನಲ್ಲಿ ಕೆಂಪು ಹರಳು

ತೇವ ಕುಡಿದ ಹಾಳೆ ತೆಗೆದು ಒಣ ಹಾಳೆ ಹಾಕುವ ಕೆಲಸ ಅರ್ಧಕ್ಕೆ ಬಂದಿತ್ತು. ಹಲಗೆಗಳ ನಡುವೆ ಒತ್ತಿಟ್ಟ ಗಿಡಗಳಿಗೆ ದಿನವೂ ಹೀಗೆ ಮಾಡದಿದ್ದರೆ ಬೂಷ್ಟು ಹಿಡಿಯುತ್ತದೆ. ಮ್ಯೂಸಿಯಂನಲ್ಲಿ ನನ್ನ ಕೆಲಸವೇ ಅದು.

"ನಿನ್ನ ಕಲ್ಲಪ್ಪನ ಪಾರ್ಸೆಲ್ ಬಂತು ನೋಡು," ಎಂದಳು, ಪಕ್ಕದ ಮೇಜಿನಲ್ಲಿ ಬೀಜ ಆರಿಸುವ ನನ್ನಕ್ಕ. ದೂರದ ಕರಾವಳಿಯಲ್ಲಿ ಬಂಡೆಗಳನ್ನು ಅಳೆಯುತ್ತ, ನಮಗೆ ಆಗಾಗ ಗಿಡ ಕಳಿಸುವ ಒಬ್ಬರಿಗೆ ಅವಳಿಟ್ಟ ಹೆಸರು ಅದು.

ಈ ಸಲವೂ ಅದೇ ದಪ್ಪೆಲೆಯ ಪುಟ್ಟ ಗಿಡ, ಗಾಳಿಗೆ ಒಂದೇ ಕಡೆ ವಾಲಿದ್ದು. ಚೀಟಿಯಲ್ಲಿ ತಾರೀಖಿತ್ತು, ಎತ್ತರವಿತ್ತು. ಸಿಕ್ಕಿದ ಜಾಗ ಮಾತ್ರ ಖಾಲಿ. ಇದು ಆರನೆಯದು.

"ಜಾಗ ಗೊತ್ತಿಲ್ಲದ ಗಿಡ ಕಸಕ್ಕೆ ಸಮ ಅಲ್ವೇನಕ್ಕ? ಅಂಗೈಯಗಲ ಕಲ್ಲಿಗೂ ಮೂರು ಸಾಲು ವಿಳಾಸ ಬರೆಯೋ ಮನುಷ್ಯ!"

"ನೀನು ವರ್ಷದಿಂದ ಒಂದು ಸಾಲೂ ಬರೆದಿಲ್ವಲ್ಲ, ಅದಕ್ಕೇನಂತೀಯ?"

ಬರೆದಿದ್ದೆ. ಕಳಿಸಿರಲಿಲ್ಲ. ಹೋದ ವರ್ಷ ಗಿಡ ಹುಡುಕಲು ಆ ಕರಾವಳಿಗೆ ಹೋದಾಗ, "ನನ್ನ ಜೊತೆ ಇಲ್ಲೇ ಇರ್ತೀರಾ?" ಎಂದು ಅವರು ಕೇಳಿದ್ದರು. ಕೇಳಿದವರು ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನೇ ನೋಡುತ್ತ ಕೂತರು.

"ಕಾಗದ ಬರೀತೀನಿ," ಎಂದಿದ್ದೆ.

ಊರಿಗೆ ಮರಳಿದ ದಿನವೇ ಬರೆದೆ, ಹೂಂ ಎಂದು. ಇಷ್ಟು ಬೇಗ ಒಪ್ಪಿದರೆ ಏನಂದುಕೊಂಡಾರು ಎಂದು ಒಂದು ವಾರ ಕಳೆಯಿತು. ತಡವಾಯಿತಲ್ಲ ಎಂದು ಐವತ್ತು ವಾರ.

ಈಗ ಅವರ ಮನಸ್ಸಿನಲ್ಲೇನಿದೆ? ಪಾರ್ಸೆಲ್‌ನಲ್ಲಿ 'ಚೆನ್ನಾಗಿದ್ದೀರಾ' ಎಂಬ ಮಾತೂ ಇಲ್ಲ. ನೆನಪೋ, ಬರೀ ಕೆಲಸವೋ?

ಬೇರು ತೊಳೆದೆ. ಬಟ್ಟಲಿನ ತಳದಲ್ಲಿ ಕೆಂಪು ಹರಳುಗಳು ಕೂತವು.

ಹಿಂದಿನ ಐದೂ ಗಿಡಗಳನ್ನು ಹೊರಗೆಳೆದೆ. ಬೇರಿನ ಸಂದಿಯಲ್ಲಿ ಅದೇ ಕೆಂಪು.

ಲಾವಾ ಆರಿ ಕಲ್ಲಾದ ಆ ಕರಾವಳಿ ಉದ್ದಕ್ಕೂ ಇದ್ದಿಲಿನಂತೆ ಕಪ್ಪು. ಒಂದೇ ಒಂದು ಕಡೆ, ಮಂಚದಷ್ಟಗಲ, ಕೆಂಪು ಬಂಡೆಯಿದೆ. "ಬಿಸಿಯಿದ್ದಾಗಲೇ ಕಲ್ಲೊಳಗಿನ ಕಬ್ಬಿಣಕ್ಕೆ ಗಾಳಿ ತಾಗಿದ್ರೆ ಹೀಗೆ ಕೆಂಪಾಗುತ್ತೆ," ಎಂದು ಅವರು ಹೇಳಿದ್ದು ಅದರ ಮೇಲೆ ಕೂತು ಚಹಾ ಕುಡಿಯುವಾಗ. ಆ ಪ್ರಶ್ನೆ ಕೇಳಿದ್ದೂ ಅಲ್ಲೇ.

"ಅಕ್ಕಾ, ಇದು ಮರೆವಲ್ಲ. ಜಾಗ ನಾನೇ ತುಂಬಲಿ ಅಂತ ಬಿಟ್ಟಿದ್ದಾರೆ."

"ಹಾಗಂತ ಗಿಡ ಹೇಳ್ತಾ?"

"ಸರಿಯಾಗಿ ನನಗೂ ಗೊತ್ತಿಲ್ಲ ಕಣಕ್ಕ."

"ಗೊತ್ತಾಗೋ ಹೊತ್ತಿಗೆ ನಿನ್ನನ್ನೂ ಒತ್ತಿ ಹಾಳೆಗೆ ಅಂಟಿಸಬೇಕಾಗುತ್ತೆ. ಎದ್ದು ಹೋಗು!"

ಡ್ರಾಯರಿನ ಹಳೆಯ ಕಾಗದದಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಕೆಳಗೆ ಸೇರಿಸಿದೆ: 'ಸಿಕ್ಕಿದ ಜಾಗ: ಕೆಂಪು ಬಂಡೆ. ಇಬ್ಬರು ಕೂರುವಷ್ಟಿದೆ.'

ಬೀದಿ ತುದಿಯ ಅಂಚೆಪೆಟ್ಟಿಗೆಯ ಬಾಯಲ್ಲಿ ಕೈ ಮತ್ತೊಮ್ಮೆ ಅನುಮಾನಿಸಿತು. ಬಿಟ್ಟೆ. ಕಾಗದ ತಳಕ್ಕೆ ಬಿದ್ದ ಸದ್ದು ಕೇಳಿಸಿತು.